ಮೊದಲು ಸಾದಾ ಬರ್ಗರ್ ತರಿಸು

ಪ್ರೀತಿಯ ಗೆಳೆಯಾ,

ಮನೆಯವರನ್ನೆಲ್ಲ ಕರೆದುಕೊಂಡು ಬರ್ಗರ್ ತಿನ್ನೋಕೆ ಹೋಗಬೇಕು, ಯಾವ ಅಂಗಡಿ ಒಳ್ಳೆಯದು ಅಂತ ನೀನು ಕೇಳಿದ್ದೆ. ಸುಮ್ನೆ ಒಂದು ಹೆಸರು ಬರೆದು ಕಳಿಸಬಹುದಿತ್ತು. ಆದರೆ ನಿಮ್ಮ ಮನೆಯವರ ನಾಲಿಗೆ ಬೇರೆ, ನಮ್ಮ ಮನೆಯವರ ನಾಲಿಗೆ ಬೇರೆ ಅಲ್ವಾ? ಅದಕ್ಕೇ ನಾವು ಅಂಗಡಿಯಿಂದ ಅಂಗಡಿಗೆ ಹೋಗಿ ಹೇಗೆ ಹೋಲಿಸಿ ನೋಡಿದೆವು ಅನ್ನೋದನ್ನೇ ಬರೆಯುತ್ತೇನೆ. ಅದು ನಿನಗೆ ಎಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಹೋದ ಕಡೆಯೆಲ್ಲ ಒಂದೇ ಥರದ ಬರ್ಗರ್ ತರಿಸು, ಅದೂ ಅಲ್ಲಿರುವುದರಲ್ಲೇ ಸಾದಾ ಬರ್ಗರ್. ಬನ್, ಪ್ಯಾಟಿ (ಬನ್ನಿನ ನಡುವೆ ಇಡುವ ಮಾಂಸದ ಇಲ್ಲವೇ ತರಕಾರಿಯ ಬಿಲ್ಲೆ), ಒಂದು ಹಾಳೆ ಚೀಸ್, ಸ್ವಲ್ಪ ಈರುಳ್ಳಿ. ಅಷ್ಟೇ. ಮಗ ಬೋರ್ಡಿನ ಮೇಲಿದ್ದ ಅತಿ ಎತ್ತರದ ಬರ್ಗರ್ ಬೇಕು ಅಂತ ಹಠ ಮಾಡಿದ. ಅದನ್ನು ಕೊನೆಗೆ ತರಿಸೋಣ ಅಂತ ಒಪ್ಪಿಸಿದೆವು. ಮೂರು ಥರದ ಸಾಸ್ ಹಾಕಿದ ಬರ್ಗರಿನಲ್ಲಿ ಪ್ಯಾಟಿ ಒಣಗಿದ್ದರೂ ಗೊತ್ತಾಗುವುದಿಲ್ಲ. ಸಾದಾ ಬರ್ಗರಿನಲ್ಲಿ ಮುಚ್ಚಿಡಲು ಜಾಗವೇ ಇಲ್ಲ. ಒಂದನ್ನೇ ನಾಲ್ಕು ತುಂಡು ಮಾಡಿ ಹಂಚಿಕೊಂಡರೆ ಮುಂದಿನ ಅಂಗಡಿಗೂ ಹೊಟ್ಟೆಯಲ್ಲಿ ಜಾಗ ಉಳಿಯುತ್ತದೆ.

ಮೊದಲು ಬನ್ನನ್ನು ನೋಡು. ಬನ್ ಎತ್ತಿ ಒಳಮುಖ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಬೆಣ್ಣೆ ಸವರಿ ಕಾವಲಿಯ ಮೇಲೆ ಕೆಂಪಗೆ ಮಾಡಿದ್ದಾರಾ, ಇಲ್ಲ ಪೊಟ್ಟಣದಿಂದ ತೆಗೆದು ಹಾಗೇ ಇಟ್ಟಿದ್ದಾರಾ? ಬಿಸಿ ಮಾಡಿದ ಬನ್ನಿನ ಒಳಮುಖ ಗಟ್ಟಿಯಾಗುತ್ತದೆ, ಬೆಣ್ಣೆಯೂ ಸೇರಿದರೆ ಪ್ಯಾಟಿಯ ರಸ ಬೇಗ ಒಳಗೆ ಇಳಿಯುವುದಿಲ್ಲ. ಇದನ್ನು ಮೊದಲು ಗಮನಿಸಿದವಳು ಮಗಳು. ಒಂದು ಕಡೆ ಕೊನೆಯ ತುತ್ತಿನವರೆಗೂ ಬನ್ ಕೈಯಲ್ಲಿ ಗಟ್ಟಿಯಾಗಿ ನಿಂತಿತ್ತು. ಇನ್ನೊಂದು ಕಡೆ ಕೆಳಗಿನ ಬನ್ ನೆನೆದು ಬೆರಳಿಗೆ ಅಂಟಿಕೊಂಡಿತು. ಚಿಕ್ಕ ಮಕ್ಕಳು ಬರ್ಗರ್ ಹಿಡಿದು ತಿನ್ನುವಾಗ ಇದು ಸಣ್ಣ ವಿಷಯ ಅಲ್ಲ.

ಇನ್ನು ಪ್ಯಾಟಿ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಅಂಗಡಿ ಅಂಗಡಿಗೂ ಇರುವ ನಿಜವಾದ ವ್ಯತ್ಯಾಸ ಇಲ್ಲೇ ಇದೆ. ಒಂದು ಕಡೆ ಕೈಮಾದ ಉಂಡೆಯನ್ನು ಚೆನ್ನಾಗಿ ಕಾದ ಕಾವಲಿಯ ಮೇಲಿಟ್ಟು ಜೋರಾಗಿ ಒತ್ತಿ ತೆಳ್ಳಗೆ ಮಾಡುತ್ತಾರೆ. ಇದಕ್ಕೆ ಸ್ಮ್ಯಾಶ್ ಬರ್ಗರ್ ಅಂತಾರೆ. ಒತ್ತುವುದು ಇಟ್ಟ ತಕ್ಷಣವೇ ಆಗಬೇಕು. ಕೊಬ್ಬು ಕರಗಿದ ಮೇಲೆ ಒತ್ತಿದರೆ ರಸವೆಲ್ಲ ಕಾವಲಿಗೆ ಹರಿದುಹೋಗುತ್ತದೆ. ಸರಿಯಾಗಿ ಮಾಡಿದರೆ ಅಂಚು ಗರಿಗರಿಯಾಗಿ, ಕಂದು ಬಣ್ಣಕ್ಕೆ ತಿರುಗಿ, ಘಮ್ಮಂತ ವಾಸನೆ ಬರುತ್ತದೆ. ಬಿಸಿಗೆ ಪ್ರೋಟೀನೂ ಸಕ್ಕರೆಯ ಅಂಶವೂ ಸೇರಿ ಹುಟ್ಟುವ ರುಚಿ ಇದು. 1912ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಕಾಮಿಯ್ ಮೈಯಾರ್ ಇದನ್ನು ವಿವರಿಸಿದ್ದರಿಂದ ಅವರ ಹೆಸರಿನಲ್ಲೇ ಕರೆಯುತ್ತಾರೆ. ಪ್ಯಾಟಿ ತೆಳ್ಳಗಿದ್ದಷ್ಟೂ ಪ್ರತಿ ತುತ್ತಿನಲ್ಲೂ ಈ ಕಂದು ಭಾಗ ಜಾಸ್ತಿ ಸಿಗುತ್ತದೆ.

ಬೆಂಕಿಯ ಮೇಲೆ ಸುಡುವವರ ದಾರಿಯೇ ಬೇರೆ. ಕರಗಿದ ಕೊಬ್ಬು ಬೆಂಕಿಗೆ ಬಿದ್ದು ಹೊಗೆಯಾಗಿ ಮೇಲೆದ್ದು ಪ್ಯಾಟಿಗೇ ಹಿಡಿಯುತ್ತದೆ. ನನ್ನ ಹೆಂಡತಿಗೆ ಈ ಹೊಗೆಯ ರುಚಿ ತುಂಬ ಹಿಡಿಸಿತು. ನನಗೆ ತೆಳ್ಳನೆಯದೇ ಇಷ್ಟ. ಈ ವಿಷಯದಲ್ಲಿ ಇಬ್ಬರೂ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ದಪ್ಪ ಪ್ಯಾಟಿ ಕೊಡುವ ಕಡೆ ಮಾತ್ರ ಮಕ್ಕಳಿಗೆ ಕೊಡುವ ಮೊದಲು ಮಧ್ಯಕ್ಕೆ ಕತ್ತರಿಸಿ ನೋಡು. ಇಡೀ ಮಾಂಸದ ತುಂಡಿನಲ್ಲಿ ಕ್ರಿಮಿಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ. ಕೈಮಾ ಮಾಡಿದಾಗ ಅವು ಒಳಗೂ ಸೇರಿಕೊಳ್ಳುತ್ತವೆ. ಅದಕ್ಕೇ ದನದ ಕೈಮಾ ಒಳಗಿನವರೆಗೂ 71 ಡಿಗ್ರಿ ಸೆಲ್ಸಿಯಸ್, ಕೋಳಿಯದಾದರೆ 74 ಡಿಗ್ರಿ ಮುಟ್ಟಬೇಕು ಅಂತ ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಬರೀ ಬಣ್ಣ ನೋಡಿ ಬೆಂದಿದೆ ಅನ್ನುವಂತಿಲ್ಲ. ಅನುಮಾನ ಬಂದರೆ ಇನ್ನೂ ಬೇಯಿಸಿಕೊಡಿ ಅಂತ ಕೇಳು, ಸಂಕೋಚ ಬೇಡ. ನಾವು ಒಂದು ಕಡೆ ಕೇಳಿದಾಗ ಬೇಸರಪಡದೆ ಮಾಡಿಕೊಟ್ಟರು. ಆ ಅಂಗಡಿಯ ಮೇಲೆ ಗೌರವ ಹೆಚ್ಚಾಯಿತು.

ಪ್ಯಾಟಿ ರಬ್ಬರಿನಂತೆ ಎಳೆದರೆ, ಉಪ್ಪನ್ನು ಕೈಮಾಗೇ ಹಾಕಿ ನಾದಿಟ್ಟಿರುವ ಸಾಧ್ಯತೆ ಇದೆ. ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ ಅಂಟಿನ ಹಾಗೆ ಹಿಡಿದುಕೊಳ್ಳುವಂತೆ ಮಾಡುತ್ತದೆ. ತಿಳಿದವರು ಬೇಯಿಸುವ ಹೊತ್ತಿಗೆ ಮೇಲಿನಿಂದ ಉದುರಿಸುತ್ತಾರೆ.

ನಮ್ಮಮ್ಮ ಮಾಂಸ ತಿನ್ನುವುದಿಲ್ಲ ಅನ್ನೋದು ನಿನಗೆ ಗೊತ್ತು. ಅವರಿಗಾಗಿ ಎಲ್ಲ ಕಡೆಯೂ ತರಕಾರಿ ಪ್ಯಾಟಿಯನ್ನೂ ತರಿಸಿದೆವು. ಇಲ್ಲಿ ರುಚಿಗಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ. ಅದೇ ಕಾವಲಿಯ ಮೇಲೆ ಮಾಂಸವನ್ನೂ ಬೇಯಿಸುತ್ತೀರಾ? ಫ್ರೈಸ್ ಕರಿಯುವ ಎಣ್ಣೆ ಬೇರೆಯಾ? 2019ರಲ್ಲಿ ಅಮೆರಿಕದ ಬರ್ಗರ್ ಕಿಂಗ್ ಸಸ್ಯದಿಂದ ಮಾಡಿದ ಪ್ಯಾಟಿಯ ಇಂಪಾಸಿಬಲ್ ವಾಪರ್ ಅನ್ನೋ ಬರ್ಗರ್ ಶುರು ಮಾಡಿತು. ಅದನ್ನೂ ಮಾಂಸ ಸುಡುವ ಬೆಂಕಿಯ ಮೇಲೆಯೇ ಸುಡುತ್ತಿದ್ದರು. ಬೇಡ ಅಂದವರಿಗೆ ಬೇರೆ ರೀತಿ ಮಾಡಿಕೊಡುತ್ತಿದ್ದರು, ಆದರೆ ಗಿರಾಕಿ ಬಾಯಿಬಿಟ್ಟು ಕೇಳಬೇಕಿತ್ತು. ಫ್ರೈಸ್ ಕೂಡ ಅಷ್ಟೇ. ಮೆಕ್‌ಡೊನಾಲ್ಡ್ಸ್ ಅಮೆರಿಕದಲ್ಲಿ 1990ರವರೆಗೆ ದನದ ಕೊಬ್ಬು ಬೆರೆತ ಎಣ್ಣೆಯಲ್ಲೇ ಕರಿಯುತ್ತಿತ್ತು. ಆಲೂಗಡ್ಡೆ ತಾನೇ ಅಂತ ನಂಬಿ ತಿಂದವರು ಎಷ್ಟೋ ಜನ. ನಾವು ಹೋದ ಕಡೆಗಳಲ್ಲಿ ಒಬ್ಬರು ಮಾತ್ರ ನಮ್ಮನ್ನು ಅಡುಗೆಮನೆಯ ಬಾಗಿಲವರೆಗೂ ಕರೆದು ಬೇರೆ ಕಾವಲಿ ತೋರಿಸಿದರು. ಅಮ್ಮ ನೆಮ್ಮದಿಯಿಂದ ತಿಂದದ್ದು ಅಲ್ಲೇ.

ತರಕಾರಿ ಪ್ಯಾಟಿಯ ರುಚಿ ಹೇಳಬೇಕೆಂದರೆ, ಹೊರಗೆ ಗರಿಗರಿ, ಒಳಗೆ ಮೆತ್ತಗೆ ಇರಬೇಕು. ಬಹಳಷ್ಟು ಕಡೆ ಅದನ್ನು ಬೇಕಾಬಿಟ್ಟಿ ಮಾಡುತ್ತಾರೆ, ಮಾಂಸ ತಿನ್ನದವರಿಗೆ ಏನೋ ಒಂದು ಇರಲಿ ಅನ್ನೋ ಹಾಗೆ. ಇದು ನನಗೆ ಬೇಸರದ ವಿಷಯ. ಮನೆಯವರೆಲ್ಲ ಒಟ್ಟಿಗೆ ಕೂತಾಗ ಒಬ್ಬರ ತಟ್ಟೆ ಮಾತ್ರ ಸಪ್ಪೆಯಾಗಿರಬಾರದು.

ಚೀಸ್ ಬಗ್ಗೆ ಜಾಸ್ತಿ ಹೇಳಲ್ಲ. ಸಾದಾ ಬರ್ಗರಿಗೆ ಪ್ರೊಸೆಸ್ಡ್ ಚೀಸೇ ಸರಿ. ಅದರಲ್ಲಿ ಕೊಬ್ಬನ್ನೂ ನೀರನ್ನೂ ಬೇರೆಯಾಗದಂತೆ ಹಿಡಿದಿಡುವ ಲವಣಗಳಿರುತ್ತವೆ. ಅದರಿಂದ ನಯವಾಗಿ ಕರಗುತ್ತದೆ. ಹಳೆಯ ಚೆಡ್ಡಾರ್ ರುಚಿ ಹೆಚ್ಚೇ, ಆದರೆ ಬಿಸಿಗೆ ಎಣ್ಣೆ ಬಿಡುತ್ತದೆ.

ಮಗನ ಎತ್ತರದ ಬರ್ಗರ್ ಕೊನೆಗೂ ಬಂತು. ಎರಡನೇ ತುತ್ತಿಗೇ ಮೇಲಿನ ಪ್ಯಾಟಿ ಜಾರಿ ತಟ್ಟೆಗೆ ಬಿತ್ತು. ಮೆಕ್‌ಡೊನಾಲ್ಡ್ಸ್‌ನ ಎರಡು ಪ್ಯಾಟಿಯ ಬರ್ಗರ್ ಬಿಗ್ ಮ್ಯಾಕ್‌ನ ಮಧ್ಯದಲ್ಲಿ ಇನ್ನೊಂದು ಬನ್ ತುಂಡು ಯಾಕೆ ಇದೆ ಅಂತ ಅವನಿಗೆ ಅಲ್ಲೇ ತೋರಿಸಿಕೊಟ್ಟೆ. ಎರಡು ಪ್ಯಾಟಿಗಳ ನಡುವೆ ಕೂತು ಅದು ಸಾಸನ್ನು ಹೀರಿ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಅವನಿಗೆ ಬಿದ್ದ ಪ್ಯಾಟಿಗಿಂತ ಆ ಮಾತೇ ಹೆಚ್ಚು ಇಷ್ಟವಾಯಿತು. ಈಗ ಯಾವ ಬರ್ಗರ್ ನೋಡಿದರೂ ಪದರ ಎಣಿಸುತ್ತಾನೆ.

ಮನೆಯವರ ಜೊತೆ ಹೋಗುವಾಗ ಇನ್ನೊಂದು ವಿಷಯವನ್ನು ರುಚಿಯಷ್ಟೇ ಮುಖ್ಯ ಅಂತ ಇಟ್ಟುಕೋ. ಎಲ್ಲರ ತಟ್ಟೆಯೂ ಒಟ್ಟಿಗೆ ಬರುತ್ತದಾ? ಒಂದು ಕಡೆ ಮಕ್ಕಳು ತಿಂದು ಮುಗಿಸಿದ ಮೇಲೆ ಅಮ್ಮನ ಬರ್ಗರ್ ಬಂತು. ಬರ್ಗರ್ ಚೆನ್ನಾಗಿಯೇ ಇತ್ತು. ಆದರೆ ಅವರೊಬ್ಬರೇ ತಿನ್ನುವಾಗ ಉಳಿದವರು ನೋಡುತ್ತ ಕೂತಿದ್ದೆವು. ಆ ಅಂಗಡಿಗೆ ಮತ್ತೆ ಎಲ್ಲರೂ ಸೇರಿ ಹೋಗುವ ಮನಸ್ಸಿಲ್ಲ. ಇದಕ್ಕೂ ಮೆನುವಿನ ಉದ್ದಕ್ಕೂ ಸಂಬಂಧ ಇದೆ ಅಂತ ನನಗೆ ಅನಿಸುತ್ತದೆ. 1948ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು ಚೆನ್ನಾಗಿ ನಡೆಯುತ್ತಿದ್ದ ಅಂಗಡಿಯನ್ನು ಮುಚ್ಚಿ, ಮೆನುವನ್ನು ಒಂಬತ್ತು ಪದಾರ್ಥಕ್ಕೆ ಇಳಿಸಿ ಮತ್ತೆ ತೆರೆದರು. ಮಾಡುವುದು ಕಡಿಮೆಯಾದಾಗ ಬೇಗ ಮಾಡಲು ಸಾಧ್ಯವಾಯಿತು. ಪುಟಗಟ್ಟಲೆ ಮೆನು ಇರುವ ಕಡೆ ಜನ ತುಂಬಿದ ಹೊತ್ತಿಗೆ ಹೋದರೆ ಕಾಯಲು ತಯಾರಾಗಿರು.

ಫ್ರೈಸ್ ಮೊದಲು ತಿನ್ನಿ. ತೆಳ್ಳನೆಯವು ಬೇಗ ಆರುತ್ತವೆ, ದಪ್ಪನೆಯವು ಸ್ವಲ್ಪ ಹೊತ್ತು ಬಿಸಿಯಾಗಿರುತ್ತವೆ. ಕಟ್ಟಿಸಿಕೊಂಡು ಹೋಗುವುದಾದರೆ ಪೊಟ್ಟಣದ ಬಾಯಿ ತೆರೆದೇ ಇಡು, ಇಲ್ಲದಿದ್ದರೆ ಹಬೆಗೆ ಮೆತ್ತಗಾಗುತ್ತವೆ.

ಕೊನೆಗೆ ನಾವು ಆರಿಸಿದ್ದು ಆ ಬೇರೆ ಕಾವಲಿ ತೋರಿಸಿದವರ ಅಂಗಡಿಯನ್ನು. ನಾಲಿಗೆಯ ಲೆಕ್ಕದಲ್ಲಿ ಅದು ನನ್ನ ಮೊದಲ ಆಯ್ಕೆ ಅಲ್ಲ, ತೆಳ್ಳನೆಯ ಪ್ಯಾಟಿಯವರೇ ಮುಂದು. ಅವರ ಹತ್ತಿರ ನಾವಿಬ್ಬರೇ ಗೆಳೆಯರು ಹೋಗೋಣ. ಎಲ್ಲರೂ ಸೇರಿ ಹೋಗುವುದಾದರೆ ಅಮ್ಮನೂ ಮಕ್ಕಳೂ ಒಂದೇ ಹೊತ್ತಿಗೆ ಬಿಸಿಬಿಸಿಯಾಗಿ ತಿನ್ನುವ ಜಾಗವೇ ನನಗೆ ಸರಿ.

ನಿಮ್ಮ ಅಪ್ಪನಿಗೆ ಗದ್ದಲ ಆಗಲ್ಲ ಅಂತ ನೀನು ಹೇಳಿದ್ದೆ. ಹಾಗಿದ್ದರೆ ಸಂಜೆ ಜನ ಸೇರುವ ಮೊದಲೇ ಹೋಗಿ, ಅಡುಗೆಮನೆಯಿಂದ ದೂರದ ಮೇಜು ಹಿಡಿಯಿರಿ. ಯಾರಿಗೆ ಯಾವುದು ಹಿಡಿಸಿತು ಅಂತ ಬರಿ. ಅದರಲ್ಲೂ ಮಕ್ಕಳು ಏನಂದರು ಅಂತ ಅವರ ಮಾತಿನಲ್ಲೇ ಬರಿ.

ನಿನ್ನ ಗೆಳೆಯ