ಎರಡು ಲೈನ್ ಇದೆ ಅಂತ ನಂಬಿ ಕೂತ ಆಸ್ಪತ್ರೆಗಳು

ಮಾನ್ಯ ಸಂಪಾದಕರೇ,

ರಸ್ತೆ ಅಗೆದು ಕೇಬಲ್ ಕಟ್ ಆಯ್ತು, ಏರಿಯಾಗೆಲ್ಲ ನೆಟ್ ಇಲ್ಲ ಅನ್ನೋ ಸುದ್ದಿ ಪೇಪರಲ್ಲಿ ಆಗಾಗ ಬರ್ತಿರತ್ತೆ, ಆದ್ರೆ ಅದೇ ಹೊತ್ತಲ್ಲಿ ಅಲ್ಲಿನ ಆಸ್ಪತ್ರೆ ಫೋನ್ ಕೂಡ ಬಂದ್ ಆಗಿರತ್ತೆ ಅನ್ನೋದು ಯಾರ ಗಮನಕ್ಕೂ ಬರಲ್ಲ. ನಾನು ಆಫೀಸು, ಲಾಡ್ಜು, ನರ್ಸಿಂಗ್ ಹೋಮ್‌ಗಳಿಗೆ ಇಪಿಎಬಿಎಕ್ಸ್ (ಒಳಗಿನ ಫೋನ್‌ಗಳನ್ನೆಲ್ಲ ಜೋಡಿಸೋ ಪುಟ್ಟ ಎಕ್ಸ್‌ಚೇಂಜ್), ಐಪಿ ಫೋನ್ (ನೆಟ್ ಮೇಲೇ ನಡೆಯೋ ಫೋನ್) ಹಾಕೋ ಕೆಲಸದವನು. ಇದನ್ನ ಕಣ್ಣಾರೆ ನೋಡಿ ನೋಡಿ ಬೇಜಾರಾಗಿ ಬರೀತಿದ್ದೀನಿ.

ಒಂದು ನರ್ಸಿಂಗ್ ಹೋಮಲ್ಲಿ ಎರಡು ಬೇರೆ ಬೇರೆ ಕಂಪನಿ ಫೈಬರ್ ಇತ್ತು, ಒಂದು ಹೋದ್ರೆ ಇನ್ನೊಂದಿದೆ ಅಂತ ಓನರ್ ನಿಶ್ಚಿಂತೆಯಿಂದ ಇದ್ರು. ಗೇಟ್ ಹತ್ರ ಹೋಗಿ ನೋಡಿದ್ರೆ ಎರಡೂ ವೈರು ಒಂದೇ ಲೈಟ್ ಕಂಬದಿಂದ ಇಳಿದು ಒಂದೇ ಪಿವಿಸಿ ಪೈಪಲ್ಲಿ ಒಳಗೆ ಹೋಗ್ತಿದ್ವು. ಮುಂದೆ ಚರಂಡಿ ಕೆಲಸಕ್ಕೆ ಜೆಸಿಬಿ ಬಂತು, ಎರಡೂ ಒಟ್ಟಿಗೆ ಹೋಯ್ತು. ರಿಸೆಪ್ಷನ್ನಲ್ಲಿ ಕೂತಿದ್ದ ಹುಡುಗಿಗೆ ಫೋನ್ ಯಾಕೆ ಬರ್ತಿಲ್ಲ ಅಂತ ತುಂಬಾ ಹೊತ್ತು ಗೊತ್ತೇ ಆಗಿಲ್ಲ, ಅಷ್ಟೊತ್ತು ಎಷ್ಟು ಜನ ಪೇಷೆಂಟ್ ಕಡೆಯವರು ಫೋನ್ ಮಾಡಿ ಮಾಡಿ ಸುಸ್ತಾಗಿದ್ರೋ ದೇವರಿಗೇ ಗೊತ್ತು.

ಹಳೇ ತಾಮ್ರದ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿಂದಾನೇ 48 ವೋಲ್ಟ್ ಬರ್ತಿತ್ತು, ಮನೇಲಿ ಕರೆಂಟ್ ಇಲ್ದಿದ್ರೂ ರಿಂಗ್ ಆಗ್ತಿತ್ತು. ಈಗ ಫೈಬರ್ ಡಬ್ಬಿ, ರೌಟರ್, ನೆಟ್‌ವರ್ಕ್ ಸ್ವಿಚ್, ಕಾಲ್‌ಗಳನ್ನ ನಡೆಸೋ ಸರ್ವರ್, ಫೋನ್ ಎಲ್ಲದಕ್ಕೂ ನಮ್ಮ ಕಡೆ ಕರೆಂಟೇ ಬೇಕು. ಸರ್ವರ್‌ಗೆ ದೊಡ್ಡ ಯುಪಿಎಸ್ ಕೊಟ್ಟಿರ್ತಾರೆ, ಫೈಬರ್ ಡಬ್ಬಿ ಅಡಾಪ್ಟರ್ ಮಾತ್ರ ಗೋಡೆಯ ಮಾಮೂಲಿ ಪಾಯಿಂಟಿಗೆ ಸಿಕ್ಸಿರ್ತಾರೆ, ಜನರೇಟರ್ ಆನ್ ಆಗಿ ಅದು ಮತ್ತೆ ಎದ್ದೇಳೋವರೆಗೆ ಫೋನ್ ಇಲ್ಲ.

ಇದಕ್ಕೆ ಭಾರೀ ದುಡ್ಡೇನೂ ಬೇಡ. ಎರಡನೇ ದಾರಿ ಗಾಳಿಯಲ್ಲಿ ಬರ್ಲಿ, ಅಂದ್ರೆ ಸಿಮ್ ಹಾಕೋ 4ಜಿ ರೌಟರ್. ಒಂದು ಕಾಲ್‌ಗೆ ಹೆಚ್ಚೂಕಮ್ಮಿ 90 ಕೆಬಿಪಿಎಸ್ ನೆಟ್ ಸ್ಪೀಡ್ ಸಾಕು, ಒಟ್ಟಿಗೆ 10 ಜನ ಮಾತಾಡಿದ್ರೂ 1 ಎಂಬಿಪಿಎಸ್ ದಾಟಲ್ಲ. ಆದ್ರೆ ಕೆಲವು ಕಂಪನಿಗಳ ಸಿಪ್ ಟ್ರಂಕ್, ಅಂದ್ರೆ ನೆಟ್ ಮೂಲಕ ಕೊಡೋ ಫೋನ್ ಲೈನ್, ಅವರದೇ ಫೈಬರ್ ಮೇಲೆ ಮಾತ್ರ ನಡೆಯತ್ತೆ, ಅಂಥ ಕಡೆ ನೀವು ಎಷ್ಟು ರೌಟರ್ ತಂದಿಟ್ರೂ ಒಳಬರೋ ಕಾಲ್ ನಿಮ್ಮ ಬಿಲ್ಡಿಂಗ್ ತನಕ ಬರೋದೇ ಇಲ್ಲ. ಅದಕ್ಕೇ ಲೈನ್ ಸಿಗದಿದ್ರೆ ಡ್ಯೂಟಿ ಮೊಬೈಲ್‌ಗೆ ತಿರುಗಿಸೋ ವ್ಯವಸ್ಥೆನ ಫೋನ್ ಕಂಪನಿ ಕಡೆಯಿಂದಾನೇ ಹಾಕಿಸ್ಕೋಬೇಕು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಫೋನ್ ಸೆಟ್‌ಗಳಲ್ಲಿ ರಿಜಿಸ್ಟ್ರೇಷನ್ ಟೈಮ್, ಅಂದ್ರೆ ಸೆಟ್ಟು ಎಷ್ಟು ಹೊತ್ತಿಗೊಮ್ಮೆ ಸರ್ವರ್‌ಗೆ ತಾನಿದ್ದೀನಿ ಅಂತ ಹೇಳ್ಬೇಕು ಅನ್ನೋದು, ಎಷ್ಟೋ ಕಡೆ 3600 ಸೆಕೆಂಡ್ ಅಂತಾನೇ ಬಿಟ್ಟಿರ್ತಾರೆ, ಮೇನ್ ಸರ್ವರ್ ಹೋದ್ರೂ ಒಂದು ಗಂಟೆ ತನಕ ಸೆಟ್ಟಿಗೆ ಗೊತ್ತಾಗ್ದೇ ಇರಬಹುದು, ಅದನ್ನ ಒಂದೆರಡು ನಿಮಿಷಕ್ಕೆ ಇಳಿಸಿ ಎರಡನೇ ಸರ್ವರ್ ಅಡ್ರೆಸ್ಸೂ ಹಾಕಿಡಬೇಕು.

ದೊಡ್ಡವರೂ ಇಲ್ಲೇ ಎಡವಿದ್ದಾರೆ. 2022ರ ಜುಲೈ 8ಕ್ಕೆ ಕೆನಡಾದ ಟೆಲಿಕಾಂ ಕಂಪನಿ ರೋಜರ್ಸ್‌ನ ನೆಟ್‌ವರ್ಕ್ ಬಿದ್ದಾಗ 1.2 ಕೋಟಿಗೂ ಹೆಚ್ಚು ಗ್ರಾಹಕರಿಗೆ ತೊಂದರೆ ಆಯ್ತು, ಅಲ್ಲಿನ ತುರ್ತು ನಂಬರ್ 911ಕ್ಕೂ ಎಷ್ಟೋ ಜನಕ್ಕೆ ಕಾಲ್ ಹೋಗ್ಲಿಲ್ಲ. ರಿಪೇರಿ ಮಾಡ್ಬೇಕಾದ ಇಂಜಿನಿಯರ್‌ಗಳ ಫೋನೂ ಅದೇ ನೆಟ್‌ವರ್ಕ್ ಮೇಲೆ ಇದ್ದಿದ್ರಿಂದ ಅವರವರೇ ಮಾತಾಡ್ಕೊಳ್ಳೋಕೆ ಪರದಾಡಿದ್ರು.

ಮತ್ತೆ, ಹಾಕಿಸಿದ ಮೇಲೆ ಟೆಸ್ಟ್ ಮಾಡೋರು ಕಮ್ಮಿ. ತಿಂಗಳಿಗೊಂದ್ಸಲ ಜನ ಕಮ್ಮಿ ಇರೋ ಹೊತ್ತಲ್ಲಿ ಮೇನ್ ಫೈಬರ್ ಕಿತ್ತು ಹೊರಗಿಂದ ಫೋನ್ ಮಾಡಿ ನೋಡಿ ಸ್ವಾಮಿ, ಬ್ಯಾಕಪ್ ಸಿಮ್‌ಗೆ ರೀಚಾರ್ಜ್ ಮುಗಿದು ಯಾವ ಕಾಲ ಆಗಿದ್ಯೋ, ಯುಪಿಎಸ್ ಬ್ಯಾಟರಿ ಊದ್ಕೊಂಡಿದ್ಯೋ ಆಗಲೇ ಗೊತ್ತಾಗೋದು.

ಖಾಸಗಿ ಆಸ್ಪತ್ರೆಗಳಿಗೆ ಕೆಪಿಎಂಇ ಕಾಯ್ದೆ ಪ್ರಕಾರ ನೋಂದಣಿ ಮಾಡುವಾಗ ಆರೋಗ್ಯ ಇಲಾಖೆಯವರು ಫೋನಿಗೆ ಎರಡನೇ ದಾರಿ ಏನು, ಕೊನೇ ಸಲ ಯಾವಾಗ ಟೆಸ್ಟ್ ಮಾಡಿದ್ರಿ ಅಂತಾನೂ ಕೇಳ್ಬೇಕು. ಅಗೆಯೋ ಮೊದಲು ಕೇಬಲ್ ಮಾಲೀಕರಿಗೆ ತಿಳಿಸೋಕೆ ಅಂತಾನೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಕಾಲ್ ಬಿಫೋರ್ ಯು ಡಿಗ್ ಆಪ್ ಬಿಟ್ಟಿದೆ, ಅದರಲ್ಲಿ ಹಾಕದೆ ಗುದ್ದಲಿ ಇಟ್ಟ ಕಂಟ್ರ್ಯಾಕ್ಟರ್‌ಗೆ ಪಾಲಿಕೆಯವರು ಬಿಲ್ ಪಾಸ್ ಮಾಡ್ಬಾರ್ದು.

ಇಂತಿ,
ಒಬ್ಬ ಟೆಲಿಫೋನ್ ಟೆಕ್ನಿಷಿಯನ್, ಬೆಂಗಳೂರು