ಉಕ್ಕಿನಡ್ಕದ ಪೆಥಾಲಜಿ ವಿಭಾಗದ ಬಗ್ಗೆ ಮಂಜೇಶ್ವರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

2013ರ ನವೆಂಬರ್‌ನಲ್ಲಿ ಶಿಲಾನ್ಯಾಸವಾದ, ನಮ್ಮ ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2025ರಲ್ಲಿ 50 ಎಂಬಿಬಿಎಸ್ ಸೀಟುಗಳು ಮಂಜೂರಾದವು. ಹೃದ್ರೋಗ ತಜ್ಞರು ಬೇಕು, ನರರೋಗ ತಜ್ಞರು ಬೇಕು ಎಂದು ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಮೈಯಿಂದ ತೆಗೆದ ತುಂಡನ್ನು ಪರೀಕ್ಷಿಸಿ ರೋಗ ಗುರುತಿಸುವ ಪೆಥಾಲಜಿಸ್ಟ್ ಬೇಕೆಂದು ಯಾರೂ ಧರಣಿ ಕೂತದ್ದನ್ನು ನಾನು ಕಂಡಿಲ್ಲ. ಲ್ಯಾಬ್ ಟೆಕ್ನೀಷಿಯನ್ ಆಗಿ ದುಡಿದು ನಿವೃತ್ತನಾದವನಾದ್ದರಿಂದ ಆ ಬೇಡಿಕೆಯನ್ನು ನಾನೇ ತಮ್ಮ ಮುಂದಿಡುತ್ತಿದ್ದೇನೆ.

ಲ್ಯಾಬಿನಲ್ಲಿ ರಕ್ತ ತೆಗೆಯುವ ನಮ್ಮಂಥವರನ್ನೇ ಪೆಥಾಲಜಿಸ್ಟ್ ಎಂದುಕೊಂಡವರು ಬಹಳ ಮಂದಿ. ಪೆಥಾಲಜಿಸ್ಟರು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್, ಆಮೇಲೆ ಮೂರು ವರ್ಷದ ಎಂಡಿ ಓದಿದ ವೈದ್ಯರು. ಸರ್ಜನ್ ಕತ್ತರಿಸಿ ಕೊಟ್ಟ ತುಂಡನ್ನು ಫಾರ್ಮಲಿನ್‌ನಲ್ಲಿ ಕೆಡದಂತೆ ಇಟ್ಟು, ಮೇಣದಲ್ಲಿ ಕೂರಿಸಿ, ಮೈಕ್ರೋಟೋಮ್ ಎಂಬ ಕೊಯ್ಯುವ ಯಂತ್ರದಲ್ಲಿ ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಕೊಯ್ದು, ಬಣ್ಣ ಹಾಕಿ ಸ್ಲೈಡ್ ಮಾಡುವವರೆಗಿನದು ನಮ್ಮ ಕೆಲಸ. ಅದು ಕ್ಯಾನ್ಸರೋ ಅಲ್ಲವೋ, ಹೌದಾದರೆ ಯಾವ ಬಗೆಯದು, ಕೊಯ್ದ ಅಂಚಿನವರೆಗೂ ಹಬ್ಬಿದೆಯೋ ಎಂದು ನೋಡಿ ಸಹಿ ಹಾಕುವ ಹೊಣೆ ಅವರದು. ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿಯ ನೋಂದಾಯಿತ ವೈದ್ಯರೇ ಲ್ಯಾಬ್ ವರದಿಗೆ ಸಹಿ ಹಾಕಬೇಕೆಂಬ ನಿಲುವನ್ನು 2017ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ.

ಅಡಿಕೆಯಿಂದಲೇ ಅನ್ನ ಉಣ್ಣುವ ನಮಗೆ ಹೇಳಲು ಮುಜುಗರವಾದರೂ, ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ. ಎಲೆಯಡಿಕೆ ಹಾಕುವವರ ಬಾಯೊಳಗೆ ಕಾಣುವ ಬಿಳಿ ಮಚ್ಚೆ ಏನೆಂದು ಬರಿಗಣ್ಣಿಗೆ ಖಚಿತವಾಗುವುದಿಲ್ಲ, ತುಂಡು ತೆಗೆದು ನೋಡಲೇಬೇಕು (ಇದೇ ಬಯಾಪ್ಸಿ). ಆ ತುಂಡಿನ ಬಾಟಲಿಯನ್ನು ಮನೆಯವರ ಕೈಗೇ ಕೊಟ್ಟು ಮಂಗಳೂರಿಗೆ ಬಸ್ಸು ಹತ್ತಿಸುವುದನ್ನು ನಾನು ನೋಡುತ್ತ ಬಂದಿದ್ದೇನೆ. ತುಂಡಿನ ಹತ್ತು ಪಾಲಾದರೂ ಫಾರ್ಮಲಿನ್ ಇರಬೇಕಾದಲ್ಲಿ ಬರಿಯ ಸಲೈನ್ (ಉಪ್ಪುನೀರು) ತುಂಬಿ ಕಳಿಸಿದ್ದೂ ಉಂಟು. ಹಾಗೆ ಗಂಟೆಗಟ್ಟಲೆ ಇದ್ದ ತುಂಡಿನ ಕೋಶಗಳು ಕರಗಿಹೋಗಿ, ಎಂಥ ನಿಪುಣರಿಗೂ ಏನನ್ನೂ ಹೇಳಲಾಗದೆ, ರೋಗಿಯ ಬಾಯಿಗೆ ಮತ್ತೊಮ್ಮೆ ಕತ್ತರಿ ಹಾಕಬೇಕಾಗುತ್ತದೆ. ಕೊರೊನಾದಿಂದಾಗಿ 2020ರ ಮಾರ್ಚಿನಲ್ಲಿ ಮಂಗಳೂರು ದಾರಿಯ ತಲಪಾಡಿ ಗಡಿ ರೋಗಿಗಳಿಗೇ ಮುಚ್ಚಿದಾಗ ಈ ಬಾಟಲಿಗಳ ಮಾತನ್ನು ಕೇಳುವವರೇ ಇರಲಿಲ್ಲ.

ಪೆಥಾಲಜಿ ಎಂಬಿಬಿಎಸ್‌ನ ಎರಡನೇ ಹಂತದ ಪಾಠ. ವಿದ್ಯಾರ್ಥಿಗಳಿಗಾಗಿ ಉಕ್ಕಿನಡ್ಕದಲ್ಲಿ ಆ ವಿಭಾಗ, ಅಧ್ಯಾಪಕರು, ಸೂಕ್ಷ್ಮದರ್ಶಕಗಳು ಹೇಗೂ ಇರಲೇಬೇಕು. ಅದು ತರಗತಿಗೆ ಮಾತ್ರ ಮೀಸಲಾಗದೆ ದಿನವೂ ರೋಗಿಗಳ ಬಯಾಪ್ಸಿ ನೋಡುವಂತೆ, ಮಂಗಲ್ಪಾಡಿ ತಾಲೂಕು ಆಸ್ಪತ್ರೆ, ಕಾಸರಗೋಡಿನ ಜನರಲ್ ಆಸ್ಪತ್ರೆಗಳ ಮಾದರಿಗಳು ಸರಕಾರಿ ವಾಹನದಲ್ಲೇ ಅಲ್ಲಿಗೆ ತಲಪುವಂತೆ ಆರೋಗ್ಯ ಇಲಾಖೆಯಿಂದ ಆದೇಶ ಹೊರಡಿಸಲು ತಾವು ವಿಧಾನಸಭೆಯಲ್ಲಿ ಒತ್ತಾಯಿಸಬೇಕು. ಫಾರ್ಮಲಿನ್ ತುಂಬಿದ ಬಾಟಲಿಗಳನ್ನು ಆಸ್ಪತ್ರೆಗಳಿಗೆ ಮೊದಲೇ ಒದಗಿಸಲು ಆ ಆದೇಶಕ್ಕೂ ಕಾಯಬೇಕಾಗಿಲ್ಲ.

ಇತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ