ಬಲಗೈ ಕಟ್ಟು ಬಿಚ್ಚಿದ ಮೇಲೆ ಬರೀತಿರೋ ಥ್ಯಾಂಕ್ಸ್

ಮೊನ್ನೆ ಕೈಯ ಪ್ಲಾಸ್ಟರ್ ಬಿಚ್ಚಿದ್ರು. ಸರಿಯಾಗಿ ಆರು ವಾರ. ಒಳಗಿದ್ದಿದ್ದು ನನ್ನ ಕೈನೇ ಅಂತ ನಂಬೋಕಾಗ್ಲಿಲ್ಲ, ಬಿಳಿಚ್ಕೊಂಡು ಚರ್ಮ ಸುಲ್ಕೊಂಡು, ಮಣಿಕಟ್ಟಂತೂ ಮರದ ತುಂಡು. ಈಗ್ಲೂ ಮುಕ್ಕಾಲು ಪಾಲು ಎಡಗೈಲೇ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಕೈ ಪೂರ್ತಿ ಸರಿಯಾದ್ಮೇಲೆ ನಿಧಾನಕ್ಕೆ ಬರೆದ್ರಾಯ್ತು ಅಂತಿದ್ದೆ, ಆದ್ರೆ ಹಾಗೆ ಮುಂದಕ್ಕೆ ಹಾಕಿದ ಥ್ಯಾಂಕ್ಸ್‌ಗಳು ಎಷ್ಟು ಹಾಗೇ ಉಳ್ಕೊಂಡಿವೆ ಅಂತ ನಂಗೊಬ್ಳಿಗೇ ಗೊತ್ತು.

ಗೊತ್ತಿಲ್ದೋರಿಗೆ ಒಂದು ಮಾತು. ನಾನು ಪೇಪರ್ ಡೆಕೊರೇಶನ್ ಮಾಡೋಳು. ಬರ್ತ್‌ಡೇ, ಮದುವೆ ವಾರ್ಷಿಕೋತ್ಸವ, ಚರ್ಚಿನ ಕೂಟಗಳು, ಎಲ್ಲಾ ಕೈಯಲ್ಲೇ ಕತ್ತರಿಸಿ ಮಡಚಿ ಅಂಟಿಸಿದ್ದು. ಇದು ಹತ್ತನೇ ಕ್ರಿಸ್ಮಸ್, ಹತ್ತನೇದು ಅಂತ ಸ್ವಲ್ಪ ಜಾಸ್ತಿನೇ ಆಸೆ ಇಟ್ಕೊಂಡಿದ್ದೆ. ಅಡ್ವೆಂಟ್, ಅಂದ್ರೆ ಕ್ರಿಸ್ಮಸ್ಸಿಗೆ ತಯಾರಾಗೋ ವಾರಗಳು, ಶುರುವಾಗೋದು ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕನೇ ಭಾನುವಾರ, ನಾನು ಬಿದ್ದಿದ್ದು ಅದರ ಹಿಂದಿನ ಸೋಮವಾರ. ಒಂದು ಬರ್ತ್‌ಡೇ ಹಾಲಿನಲ್ಲಿ ಪೇಪರ್ ಫ್ಯಾನ್‌ಗಳನ್ನ ಇಳಿಸ್ತಿದ್ದೆ, ಏಣಿ ತರೋಕೆ ಸೋಮಾರಿತನ, ಚಕ್ರ ಇರೋ ಆಫೀಸ್ ಕುರ್ಚಿ ಮೇಲೆ ಹತ್ತಿದ್ದೆ. ಎಲ್ರಿಗೂ "ಏಣಿ ಬಿಟ್ಟು ಬೇರೆ ಏನನ್ನೂ ಹತ್ಬೇಡಿ" ಅಂತ ಹತ್ತು ವರ್ಷ ಬೈಕೊಂಡು ಬಂದಿರೋಳು ನಾನೇ. ಕುರ್ಚಿ ಒಂದು ಕಡೆ, ನಾನೊಂದು ಕಡೆ. ಬೀಳುವಾಗ ಬಲಗೈ ಊರಿದೆ, ಮಣಿಕಟ್ಟಿನ ಹತ್ರ ಮೂಳೆ ಮುರೀತು. ಫ್ಯಾನ್‌ಗಳಿಗೆ ಏನೂ ಆಗಿರ್ಲಿಲ್ಲ, ಅದನ್ನ ಮೊದಲು ನೋಡಿದೆ ಅಂತ ನಮ್ಮವರು ಇವತ್ತಿಗೂ ಆಡ್ಕೊಂಡು ನಗ್ತಾರೆ.

ಒಪ್ಕೊಂಡಿದ್ದ ಕೆಲ್ಸದ ಪಟ್ಟಿ ನೋಡಿದ್ರೆ ಕೈನೋವಿಗಿಂತ ಅದೇ ಜಾಸ್ತಿ ನೋವು. ಚರ್ಚಿಗೆ ಆಲ್ಟರ್ ಮೇಲೆ ತೂಗೋ ದೊಡ್ಡ ನಕ್ಷತ್ರ, ಹಾಲಿನ ಎರಡೂ ಗೋಡೆಗೆ ಪೇಪರ್ ಚೈನ್, ಐವತ್ತನೇ ಮದುವೆ ವಾರ್ಷಿಕೋತ್ಸವಕ್ಕೆ ನಲವತ್ತು ಪಾಂಪಾಮ್ (ಟಿಶ್ಯೂ ಪೇಪರಿನ ಗುಂಡು ಹೂ), ಒಂದು ನಾಮಕರಣದ ಹಿನ್ನೆಲೆ. ಒಬ್ಬರು ಸುದ್ದಿ ಕೇಳಿದ ದಿನಾನೇ ಅಡ್ವಾನ್ಸ್ ವಾಪಸ್ ಕೇಳಿದ್ರು, "ಗೆಟ್ ವೆಲ್ ಸೂನ್" ಜೊತೆಗೆ. ಕೊಟ್ಟೆ, ಅವರ ಕಡೆಯಿಂದ ಅದು ಸರಿನೇ ಇರ್ಬಹುದು. ಆದ್ರೆ ಆ ಐವತ್ತನೇ ವಾರ್ಷಿಕೋತ್ಸವದ ಮನೆ ಮಗಳು ಫೋನ್ ಮಾಡಿ "ಅಕ್ಕ ನೀವು ಬರೀ ಬಾಯಲ್ಲಿ ಹೇಳಿ, ಮಾಡೋದು ನಾವು" ಅಂದಳಲ್ಲ, ಈ ಆರು ವಾರ ಹಾಗೆ ಸಾಗೋದಕ್ಕೆ ಆ ಒಂದು ಮಾತೇ ಕಾರಣ, ನಾನು ಅಳ್ತಾ ಕೂತಿದ್ದಾಗ ಬಂದ ಫೋನು ಅದು. ಪುಟ್ಟಿ, ನಿನಗೆ ಮೊದಲ ಥ್ಯಾಂಕ್ಸ್.

ಬಾಯಲ್ಲಿ ಹೇಳೋದು ಸುಲಭ ಅಂದ್ಕೊಂಡಿದ್ದೆ. ಅದೇ ನನ್ನ ತಪ್ಪು.

ಮೊದಲ ದಿನ ನಕ್ಷತ್ರದ ಕೆಲ್ಸ. ನಾವು ಮಾಡೋದು ಆ ಮೊರೇವಿಯನ್ ನಕ್ಷತ್ರ, 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಅನ್ನೋ ಊರಿನಲ್ಲಿ, ಮೊರೇವಿಯನ್ ಅನ್ನೋ ಪ್ರಾಟೆಸ್ಟೆಂಟ್ ಕ್ರೈಸ್ತ ಸಭೆಯ ಶಾಲೆಯಲ್ಲಿ ಮಕ್ಳಿಗೆ ಜಾಮಿಟ್ರಿ ಪಾಠಕ್ಕೆ ಅಂತ ಹುಟ್ಟಿದ್ದು, ಆಮೇಲೆ ಚರ್ಚುಗಳಿಗೆ ಬಂತು. ಎಲ್ಲಾ ಕಡೆ ಕಾಣೋ ಮಾದರಿಯ ನಡುವಿನ ಗುಂಡಿಗೆ 26 ಮುಖ ಇರತ್ತೆ, 18 ಚೌಕ, 8 ತ್ರಿಕೋನ, ಒಂದೊಂದು ಮುಖದ ಮೇಲೂ ಒಂದು ಮೂತಿ, ಅದ್ರಲ್ಲಿ ಒಂದು ಚೌಕನ ಮೇಲೆ ನೇತುಹಾಕೋಕೆ, ಬಲ್ಬ್ ಇಳಿಸೋಕೆ ಅಂತ ಖಾಲಿ ಬಿಟ್ರೆ 25 ಮೂತಿ ಉಳೀತವೆ, ಒಂದೊಂದೂ ಉದ್ದ ಟೋಪಿ ಥರ ಚೂಪು. ಯೂತ್ ಗ್ರೂಪಿನ ಹುಡುಗ್ರು ಹುಡುಗೀರು ಏಳು ಜನ ಬಂದಿದ್ರು. 180 ಜಿಎಸ್‌ಎಮ್ (ಚದರ ಮೀಟರಿಗೆ 180 ಗ್ರಾಂ ತೂಗೋ) ಹಳದಿ ಕಾರ್ಡ್‌ಶೀಟ್ ಕೊಟ್ಟೆ, ಅಳತೆ ಕೊಟ್ಟೆ, ಖಾಲಿ ರೀಫಿಲ್ ಹಿಡಿದು ಸ್ಟೀಲ್ ಸ್ಕೇಲ್ ಪಕ್ಕ ಗೀರು ಎಳೆದು ಆಮೇಲೆ ಮಡಚಿ ಅಂತ ಹೇಳಿದೆ, ಎಲ್ಲಾ ಹೇಳಿದೀನಿ ಅಂತ ಆರಾಮಾಗಿ ಕೂತೆ. ಸಂಜೆ ಹೊತ್ತಿಗೆ ಒಂಬತ್ತು ಮೂತಿ ಹಾಳು. ಮಡಿಕೆ ಉದ್ದಕ್ಕೂ ಹಳದಿ ಬಿರುಕು ಬಿಟ್ಟು ಒಳಗಿನ ಬಿಳಿ ನಾರು ಎದ್ದಿತ್ತು. ಇನ್ನೊಂದಷ್ಟು ಚೆನ್ನಾಗೇ ಬಂದಿದ್ವು. ಅದೇ ಶೀಟ್, ಅದೇ ಕೈ, ಯಾಕೆ ಹೀಗೆ ಅಂತ ನಂಗೂ ಹೊಳೀಲಿಲ್ಲ. ರಾತ್ರಿ ಮಲಗಿದ್ದಾಗ, ನಿಜ ಹೇಳ್ತೀನಿ, ಎಡಗೈ ತಾನಾಗೇ ಗಾಳಿಯಲ್ಲಿ ಒಂದು ಶೀಟ್ ಹಿಡಿದು ಬಗ್ಗಿಸೋ ಥರ ಆಡ್ತು, ಆಗ ಅರ್ಥ ಆಯ್ತು.

ಕಾಗದಕ್ಕೆ ಒಂದು ಎಳೆ ಇರತ್ತೆ. ಮಿಷೀನಲ್ಲಿ ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲ್ಕೊಂಡಿರ್ತವೆ. ಆ ದಿಕ್ಕಿಗೇ ಮಡಚಿದ್ರೆ ಗೆರೆ ಎಳೆದಂಗೆ ಬರತ್ತೆ, ಅಡ್ಡ ಮಡಚಿದ್ರೆ ನಾರು ಮುರಿದು ಬಿರುಕು. ಶೀಟನ್ನ ಎರಡು ಅಂಗೈ ಮಧ್ಯೆ ಹಿಡಿದು ಸುಮ್ನೆ ಬಗ್ಗಿಸಿ ನೋಡ್ಬೇಕು, ಒಂದ್ ಸಲ ಉದ್ದಕ್ಕೆ ಒಂದ್ ಸಲ ಅಡ್ಡಕ್ಕೆ, ಯಾವ ಸಲ ಜಗಳ ಆಡ್ದೆ ಬಗ್ಗತ್ತೋ, ಆ ಬಾಗಿನ ಗೆರೆ ಉದ್ದಕ್ಕೇ ಎಳೆ. ನಾನು ಹತ್ತು ವರ್ಷದಿಂದ ಪ್ರತಿ ಶೀಟಿಗೂ ಇದನ್ನ ಮಾಡ್ತಾನೇ ಇದೀನಿ, ಆದ್ರೆ ಮಾಡ್ತೀನಿ ಅಂತ ನಂಗೇ ಗೊತ್ತಿರ್ಲಿಲ್ಲ. ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರ್ಲಿಲ್ಲ ಅಷ್ಟೇ. ಮಾರನೇ ದಿನ ಆ ಏಳೂ ಜನರ ಮುಂದೆ ತಪ್ಪು ನಂದು ಅಂತ ಒಪ್ಕೊಂಡೆ, ಒಬ್ರೂ ಮುಖ ಸಿಂಡರಿಸ್ಲಿಲ್ಲ, ಒಂಬತ್ತನ್ನೂ ಮತ್ತೆ ಮಾಡಿದ್ರು. ಹಾಳಾದವನ್ನ ಟೋಪಿ ಥರ ತಲೆ ಮೇಲಿಟ್ಕೊಂಡು ಫೋಟೋನೂ ತೆಗೆಸ್ಕೊಂಡ್ರು, ಆ ಫೋಟೋ ನನ್ನ ಹತ್ರ ಇದೆ, ಬೇಕಾದೋರು ಕೇಳಿ.

ಮಡಿಕೆ ಬಗ್ಗೆ ಇನ್ನೊಂದು. ನಾವು ಪರ್ವತ ಮಡಿಕೆ ಕಣಿವೆ ಮಡಿಕೆ ಅಂತೀವಲ್ಲ, ಸಂಡೇ ಸ್ಕೂಲಿನ ಚಿಕ್ಕ ಮಕ್ಳಿಗೆ ಅದು ತಲೆಗೇ ಹೋಗ್ಲಿಲ್ಲ. ಎಷ್ಟು ಹೇಳಿದ್ರೂ ಉಲ್ಟಾ. ಕೊನೆಗೆ ಎರಡನೇ ಕ್ಲಾಸಿನ ಒಂದು ಹುಡುಗಿ ಪಕ್ಕದವನಿಗೆ ಹೇಳ್ಕೊಟ್ಳು, "ಇದು ಮನೆ ಮಾಡಿನ ಥರ, ಇದು ಪುಸ್ತಕ ತೆಗ್ದಿಟ್ಟ ಥರ" ಅಂತ. ಮುಗೀತು, ಎಲ್ಲಾ ಮಕ್ಳಿಗೂ ಬಂತು. ಈಗ ನಾನೂ ಮಾಡಿನ ಮಡಿಕೆ ಪುಸ್ತಕದ ಮಡಿಕೆ ಅಂತಾನೇ ಹೇಳೋದು. ಥ್ಯಾಂಕ್ಸ್ ಕಣೇ ಚಿನ್ನ, ಈ ಬರಹ ನಿಮ್ಮಮ್ಮ ಓದಿ ಹೇಳ್ತಾರೆ.

ಅದೇ ಮಕ್ಳದ್ದು ಚೈನ್ ಪ್ರಕರಣ ಹೇಳ್ದೆ ಇರೋಕಾಗಲ್ಲ. ಎ4 ಹಾಳೆನ ಅಡ್ಡಕ್ಕೆ 3 ಸೆಂಟಿಮೀಟರ್ ಪಟ್ಟಿ ಕತ್ತರಿಸಿದ್ರೆ ಒಂದು ಹಾಳೆಗೆ 9 ಪಟ್ಟಿ, 21 ಸೆಂಟಿಮೀಟರ್ ಉದ್ದದ್ದು, ತುದಿ 2 ಸೆಂಟಿಮೀಟರ್ ಒಂದರ ಮೇಲೊಂದು ಬಂದ್ರೆ ಉಂಗುರದ ಅಗಲ ಹತ್ರತ್ರ 6 ಸೆಂಟಿಮೀಟರ್. ಹತ್ತು ಮೀಟರಿಗೆ 170 ಉಂಗುರ, 19 ಹಾಳೆ ಅಂತ ಲೆಕ್ಕ ಹಾಕ್ಕೊಟ್ಟಿದ್ದೆ. ಎರಡು ಗೋಡೆ, ಎರಡು ಗುಂಪು. ಗಮ್ ಕೊಟ್ರೆ ಒದ್ದೆಯಾಗಿ ಮುದುರ್ಕೊಳ್ಳತ್ತೆ ಅಂತ ದೊಡ್ಡ ಮಕ್ಳ ಕೈಲಿ ಸ್ಟೇಪ್ಲರ್ ಕೊಟ್ಟೆ. ಎಡಗಡೆ ಗೋಡೆಯವರು 170 ಆಯ್ತು ಮಿಸ್ ಅಂತ ಎಲ್ಲರಿಗಿಂತ ಮೊದಲು ಕೂಗಿದ್ರು, ಶಭಾಷ್ ಅಂದೆ. ಕಟ್ಟೋಕೆ ಹೋದ್ರೆ ಗೋಡೆಯ ಅರ್ಧದ ಸ್ವಲ್ಪ ಆಚೆಗೇ ಮುಗ್ದೋಯ್ತು. ನೋಡಿದ್ರೆ ಒಬ್ಬ ಮಹಾನುಭಾವ ಲೆಕ್ಕ ತಪ್ಪಬಾರ್ದು ಅಂತ ಪ್ರತಿ ಉಂಗುರದ ಒಳಗೆ ಪೆನ್ಸಿಲಲ್ಲಿ ನಂಬರ್ ಬರ್ಕೊಂಡು ಬಂದಿದಾನೆ, 99 ಆದ್ಮೇಲೆ ಸೀದಾ 170. ಯಾಕೋ ಅಂದ್ರೆ "ಕೈ ನೋವಾಯ್ತು ಮಿಸ್" ಅಂದ. ಕೈ ಕಟ್ಟಿಸ್ಕೊಂಡು ನಿಂತಿರೋ ನನ್ನ ಮುಂದೆ! ಬೈಯೋಕೆ ಬಾಯೇ ಬರ್ಲಿಲ್ಲ. ಉಳಿದ ಜಾಗಕ್ಕೆ ಕ್ರೇಪ್ ಪೇಪರ್ ತಿರುಚಿ ದೊಡ್ಡ ಬೋ ಹಾಕಿದ್ವಿ, ಬಂದವರೆಲ್ಲ ಅದೇ ಡಿಸೈನ್ ಅಂದ್ಕೊಂಡ್ರು, ಕೆಲವರು ಮುಂದಿನ ವರ್ಷ ಎರಡೂ ಕಡೆ ಹಾಗೇ ಮಾಡಿ ಅಂದಿದಾರೆ.

ಪಾಂಪಾಮ್ ಬಗ್ಗೆ ಬಂದ್ರೆ ಮಹಿಳಾ ಕೂಟದ ಆಂಟಿಯರು, ಅದ್ರಲ್ಲೂ ಕೈ ನಡುಗೋ ಆ ಹಿರಿ ಆಂಟಿ. ಹೆಸರು ಬರೀಬೇಡ ಅಂದಿದಾರೆ, ಬರೆಯಲ್ಲ. ಎಂಟು ಟಿಶ್ಯೂ ಶೀಟ್ ಒಟ್ಟಿಗೆ ಜೋಡಿಸಿ, ಒಂದೂವರೆ ಇಂಚಿಗೆ ಹಿಂದೆ ಮುಂದೆ ಮಡಚಿ ಮಧ್ಯ ತಂತಿ ಕಟ್ಟೋದು, ತುದಿ ದುಂಡಗೆ ಕತ್ತರಿಸೋದು, ಇಷ್ಟು ಯಾರಾದ್ರೂ ಮಾಡ್ತಾರೆ. ಬಿಡಿಸೋದೇ ಕಷ್ಟ. ಒಂದೊಂದೇ ಪದರನ ಬುಡದ ಹತ್ರ ಹಿಡಿದು ಮಧ್ಯಕ್ಕೆ ಎಬ್ಬಿಸ್ಬೇಕು, ತುದಿ ಹಿಡಿದು ಎಳೆದ್ರೆ ಪರ್ ಅಂತ ಹರಿಯತ್ತೆ. ನಾನಂತೂ ಅವಸರದಲ್ಲಿ ಹತ್ತಕ್ಕೆ ಒಂದು ಹರಿದಿರ್ತೀನಿ, ಹರಿದಿದ್ದನ್ನ ಗೋಡೆ ಕಡೆ ತಿರುಗಿಸಿ ನೇತುಹಾಕೋದು ನಮ್ಮ ಕೆಲಸದ ಗುಟ್ಟು. ಆಂಟಿ ಕೈ ನಡುಗತ್ತೆ ಅಂತ ಅವರಿಗೆ ಬರೀ ತಂತಿ ಕತ್ತರಿಸೋ ಕೆಲ್ಸ ಕೊಟ್ಟಿದ್ದೆ. ಸುಮ್ನೆ ಒಂದು ಎತ್ಕೊಂಡು ಬಿಡಿಸೋಕೆ ಕೂತ್ರು. ಒಂದು ಪದರ ಎಬ್ಬಿಸ್ತಾರೆ, ಕೈ ನಡುಕ ನಿಲ್ಲೋವರ್ಗೂ ತೊಡೆ ಮೇಲಿಟ್ಕೊಂಡು ಕಾಯ್ತಾರೆ, ಆಮೇಲೆ ಇನ್ನೊಂದು. ಒಂದಕ್ಕೆ ಅರ್ಧ ಗಂಟೆ. ಹನ್ನೊಂದು ಪಾಂಪಾಮ್ ಬಿಡಿಸಿದ್ರು, ಒಂದೇ ಒಂದು ಹಾಳೆ ಹರೀಲಿಲ್ಲ. ಆ ಹನ್ನೊಂದನ್ನೂ ಅಜ್ಜ ಅಜ್ಜಿ ಕೂರೋ ಕುರ್ಚಿ ಹಿಂದೆ, ಫೋಟೋದಲ್ಲಿ ಬೀಳೋ ಜಾಗದಲ್ಲಿ ಕಟ್ಟಿದ್ದು. ಆಂಟಿ, ನಿಮಗೆ ತಂತಿ ಕೆಲ್ಸ ಕೊಟ್ಟಿದ್ದಕ್ಕೆ ಕ್ಷಮೆ ಇರ್ಲಿ.

ಚರ್ಚಿನ ಬಾಗಿಲು ತೆಗೆದು ಹಾಕೋ ಅಂಕಲ್‌ಗೂ ಹೇಳ್ಬೇಕು, ಅವರು ಇದನ್ನ ಓದಲ್ಲ, ಯಾರಾದ್ರೂ ಓದಿ ಹೇಳಿ. ಹತ್ತು ವರ್ಷದಿಂದ ನಮ್ಮಿಬ್ರಿಗೂ ಜಗಳ. ಅಡ್ವೆಂಟ್ ಮಾಲೆಯ ಮೇಣದಬತ್ತಿ ಸುತ್ತ ನಾನು ಕಾಗದದ ಹೂ ಇಡೋದು, ಅವರು ಬಂದು ಎತ್ತಿಡೋದು. ಈ ಸಲ ನನ್ನ ಕೈಲಾಗಲ್ಲ ಅಂತ ಅವರೇ ಇಡೀ ಮೇಜು ಜೋಡಿಸಿದ್ರು, ಮೂರು ನೇರಳೆ ಒಂದು ಗುಲಾಬಿ ಬತ್ತಿ, ಸುತ್ತ ಒಂದು ತೋಳುದ್ದ ಖಾಲಿ, ಆಮೇಲೆ ಹೂಗಳು. ಅಷ್ಟು ದೂರದಿಂದ್ಲೇ ಚೆನ್ನಾಗಿ ಕಾಣೋದು ಅಂತ ನಾನು ಬೆಂಚಲ್ಲಿ ಕೂತು ನೋಡಿದಾಗ್ಲೇ ಗೊತ್ತಾಗಿದ್ದು, ಯಾಕಂದ್ರೆ ಬೇರೆ ವರ್ಷ ನಾನು ಬೆಂಚಲ್ಲಿ ಕೂತೇ ಇಲ್ಲ, ಆರಾಧನೆ ಮುಗಿಯೋವರೆಗೂ ಯಾವ ಟೇಪ್ ಬಿಡ್ತು ಯಾವ ದಾರ ಜಾರ್ತು ಅಂತ ಹಿಂದೆ ನಿಂತಿರ್ತಿದ್ದೆ. ನಕ್ಷತ್ರದೊಳಗೆ ಎಲ್‌ಇಡಿ ಬಿಟ್ಟು ಬೇರೆ ಬಲ್ಬ್ ಹಾಕ್ಬಾರ್ದು ಅಂತ ಹಠ ಹಿಡಿದು, ಬಲ್ಬನ್ನ ಅರ್ಧ ಗಂಟೆ ಉರಿಸಿ ಅಂಗೈಲಿ ಮುಟ್ಟಿ ನೋಡಿ ಆಮೇಲೇ ಮೇಲೆ ಏರಿಸಿದ್ದೂ ಅವರೇ. ಏಣಿ ಹತ್ತಿ, ಕುರ್ಚಿ ಅಲ್ಲ.

ಮನೆಯವರಿಗೆ ಇಲ್ಲಿ ಜಾಸ್ತಿ ಬರೆದ್ರೆ ಅವರಿಗೆ ಮುಜುಗರ. ಅತ್ತೆ ಆರು ವಾರ ನನ್ನ ಜಡೆ ಹಾಕಿದ್ರು, ನಮ್ಮವರು ಬ್ಲೇಡ್ ಬದಲಾಯಿಸೋದು ಕಲಿತ್ರು. ಸಾಕು.

ಡಾಕ್ಟ್ರಿಗೆ, ಫಿಸಿಯೋ ಮೇಡಮ್ಮಿಗೆ ಥ್ಯಾಂಕ್ಸ್. ಈಗ ಅವರು ಕೊಟ್ಟಿರೋ ವ್ಯಾಯಾಮ ಏನು ಗೊತ್ತಾ, ಒಂದು ಹಾಳೆನ ಒಂದೇ ಕೈಲಿ ಮುದ್ದೆ ಮಾಡೋದು, ಆಮೇಲೆ ಅದೇ ಕೈಲಿ ಬಿಡಿಸೋದು, ದಿನಕ್ಕೆ ಹತ್ತು ಸಲ. ಕಾಗದ ಮುದುರಿದ್ರೆ ಮಕ್ಳಿಗೆ ಬೈಯೋ ನಂಗೆ! ಮೊದಲ ದಿನ ಮನಸ್ಸೇ ಬರ್ಲಿಲ್ಲ, ಕೊನೆಗೆ ಆ ಬಿರುಕು ಬಿಟ್ಟ ಹಳದಿ ಶೀಟ್ ತಗೊಂಡೆ, ಗಟ್ಟಿ ಇತ್ತು, ಕಣ್ಣಲ್ಲಿ ನೀರು ಬಂತು. ಈಗ ಟಿಶ್ಯೂನಿಂದ ಶುರು ಮಾಡಿದೀನಿ.

ಕೊನೇದಾಗಿ ಕ್ವಾಯರಿನ ನಮ್ಮ ಎಡಗೈ ಹುಡುಗಿ. ಮೂರು ವರ್ಷದಿಂದ ನನ್ನ ಜೊತೆ ಬರ್ತಾಳೆ, ಅವಳು ಕತ್ತರಿಸಿದ ಅಂಚು ಯಾವಾಗ್ಲೂ ಹಲ್ಲು ಹಲ್ಲು, "ಸ್ವಲ್ಪ ಗಮನ ಕೊಡಮ್ಮ" ಅಂತ ಎಲ್ಲರ ಮುಂದೆ ಅಂದಿದೀನಿ, ಒಂದ್ ಸಲ ಅಲ್ಲ. ಈ ಸಲ ನಾನೇ ನನ್ನ ಕತ್ತರಿನ ಎಡಗೈಲಿ ಹಿಡಿದೆ. ಬ್ಲೇಡುಗಳು ಒಂದಕ್ಕೊಂದು ಒತ್ತೋ ಬದಲು ದೂರ ಸರೀತವೆ, ಕಾಗದ ಮಧ್ಯೆ ಸಿಕ್ಕಾಕೊಂಡು ಮಡಚ್ಕೊಳ್ಳತ್ತೆ, ಕತ್ತರಿಸ್ಬೇಕಾದ ಗೆರೆನೇ ಬ್ಲೇಡಿನ ಹಿಂದೆ ಮುಚ್ಚೋಗತ್ತೆ. ಹತ್ತು ನಿಮಿಷಕ್ಕೆ ಬಿಸಾಕಿದೆ. ಅವಳು ಏನೂ ಅನ್ಲಿಲ್ಲ, ಬ್ಯಾಗಿಂದ ತನ್ನದೇ ಕತ್ತರಿ ತೆಗೆದು ಮುಂದಿಟ್ಳು, ಎಡಗೈಯವರಿಗೆ ಅಂತ ಬ್ಲೇಡ್ ಉಲ್ಟಾ ಜೋಡಿಸಿದ್ದು. ನನ್ನ ಅಭ್ಯಾಸ ಇಲ್ಲದ ಕೈಲೂ ಅಂಚು ನೆಟ್ಟಗೆ ಬಂತು. ಇಷ್ಟು ದಿನ ಇದನ್ನ ಯಾಕೆ ತರ್ಲಿಲ್ಲ ಅಂದ್ರೆ "ನಿಮ್ಮ ಡಬ್ಬಿಯಲ್ಲಿರೋದನ್ನೇ ಬಳಸ್ಬೇಕು ಅಂದಿದ್ರಲ್ಲ ಅಕ್ಕ" ಅಂದ್ಳು.

ನಿನ್ನ ಕತ್ತರಿ ನನ್ನ ಹತ್ರನೇ ಇದೆ ಕಣೇ, ಭಾನುವಾರ ತರ್ತೀನಿ. ಡಬ್ಬಿಗೆ ಅಂಥದ್ದೇ ಎರಡು ತರಿಸಿಟ್ಟಿದೀನಿ, ಮುಚ್ಚಳದ ಮೇಲೆ ಎಡಗೈದು ಅಂತ ಬರ್ದಿದೀನಿ, ಬರೆದಿದ್ದು ಎಡಗೈಲೇ, ಓದೋಕೆ ಬಂದ್ರೆ ಹೇಳು.